ಗಂಡ-ಹೆಂಡತಿ ಆರಾಮ ಇರ್ಲಿಕ್ಕೆ ಹೋದ್ರ ಆಟದ ಪಾರ್ಕಿನ ಬಾಗಲದಾಗ ಯಾಕ ಖೋಲಿ?

ಅಕ್ಕಾರ, ವೈನ್ಯಾರ, ಮಾವಶ್ಯಾರ, ಈ ಸಲ ನಾ ಜಗಳಾ ತಗೀಲಿಕ್ಕೇ ಕೂತೇನಿ. ಸೂಟಿ ಹತ್ರ ಬಂತು. ನಮ್ಮ ಮಂದಿ ಒಬ್ಬರಿಗೊಬ್ಬರು ಕೇಳ್ಲಿಕ್ಕೆ ಶುರು ಮಾಡ್ಯಾರ: "ವಂಡರ್‌ಲಾ ಹತ್ರ ಛೊಲೊ ಹೊಟೆಲ್ ಯಾವುದದ? ಹುಡುಗ್ರಿಗೆ ಆಟ ಆಗ್ತದ, ನಾವಿಬ್ರೂ ಒಂದೆರಡ ದಿನ ಆರಾಮ ಇದ್ದು ಬರ್ತೇವಿ." ಉತ್ತರಾನೂ ತಯಾರ ಇರ್ತಾವ. "ಗೇಟಿಗೆ ಎಷ್ಟ ಹತ್ರ ಇರ್ತದ ಅಷ್ಟ ಛೊಲೊ." "ರಾತ್ರಿ ಮಲಗಲಿಕ್ಕಷ್ಟ ಅಲ್ಲಾ, ಯಾವುದಾದ್ರೇನು?" "ಎಲ್ಲಾರೂ ಸೇರಿ ಒಂದ ಖೋಲಿ ಹಿಡೀರಿ, ಮ್ಯಾಲೊಂದ ಗಾದಿ ಹಾಕಸ್ರಿ, ರೊಕ್ಕ ಉಳೀತದ." ಈ ಮೂರೂ ಮಾತು ತಪ್ಪು ಅಂತ ನನ್ನ ವಾದ. ಬರೇ ತಪ್ಪಲ್ಲ, ಈ ಮೂರೂ ಮಾತಿನ ಖರ್ಚು ಕಡೀಕ ಹೆಂಗಸಿನ ಲೆಕ್ಕಕ್ಕೇ ಬಂದು ಬೀಳ್ತದ.

ಮೊದಲ "ಆರಾಮ" ಅನ್ನೋ ಶಬ್ದಾನ ಹಿಡೀತೇನಿ. ಗಂಡಸರು ಆರಾಮ ಅಂದ್ರ ಆಫೀಸ್ ಇಲ್ಲ ಅಂತ ಅರ್ಥ. ಹುಡುಗ್ರು ಆರಾಮ ಅಂದ್ರ ಸಾಲಿ ಇಲ್ಲ ಅಂತ. ನಾವು ಆರಾಮ ಅಂದ್ರ? ನಮ್ಮ ಕೆಲಸಕ್ಕ ಸೂಟಿ ಅನ್ನೋದ ಇಲ್ಲಲ್ಲ, ಅದು ನಮ್ಮ ಜೋಡಿ ಚೀಲದಾಗ ಕೂತು ಬರ್ತದ. ಚಟ್ನಿಪುಡಿ ಡಬ್ಬಿ, ಅವಲಕ್ಕಿ, ಮಾವನವರ ಗುಳಗಿ, ತೊಯ್ದ ಅರಬಿಗೊಂದ ಪ್ಲಾಸ್ಟಿಕ್ ಚೀಲ, ಎಲ್ಲಾ ನೆನಪಿಟ್ಟು ಕಟ್ಟಾಕಿ ಯಾರು? ಸಂಜಿಕ ಪಾರ್ಕಿನಿಂದ ಬಂದ ಮ್ಯಾಲೆ ನಾಲ್ಕ ಮಂದಿ ತೊಯ್ದ ಅರಬಿ ಹಿಂಡಿ ಬಚ್ಚಲ ಮನಿ ನಳಕ್ಕ, ಕುರ್ಚಿ ಬೆನ್ನಿಗೆ, ಕಿಡಕಿ ಸಳಿಗೆ ಹರವಾಕಿ ಯಾರು? ಒಂದ ಖೋಲ್ಯಾಗ ಎಲ್ಲಾರೂ ಇದ್ರ ಆ ಖೋಲಿ ಖೋಲಿ ಆಗಿ ಉಳಿಯೂದಿಲ್ಲ. ಅದು ನಮ್ಮ ಮನೀನ. ಅದಕ್ಕೊಂದ ಬಾಡಿಗಿ ಬ್ಯಾರೆ ಕೊಟ್ಟಿರ್ತೇವಿ.

ಈಗ "ಹತ್ರ" ಅನ್ನೋ ಮಾತಿಗೆ ಬರೋಣ. ವಂಡರ್‌ಲಾ ಇರೋದು ಬಿಡದಿ ಹತ್ರ, ಬೆಂಗಳೂರಿನಿಂದ ಮೈಸೂರು ದಾರಿ ಮ್ಯಾಲೆ ಸುಮಾರು 28 ಕಿಲೋಮೀಟರ್. 2005ರಾಗ ಶುರು ಆದದ್ದು. ಹುಡುಗ್ರಿಗೆ ಅದು ಸ್ವರ್ಗ, ಅದರ ಮ್ಯಾಲೆ ನಂದೇನೂ ತಕರಾರಿಲ್ಲ. ಆದ್ರ ಇಂಥಾ ಯಾವ ಪಾರ್ಕಿನ ಸುತ್ತಮುತ್ತ ಹೋಗಿ ನೋಡ್ರಿ, ಹತ್ರ ಇದ್ದ ಹೊಟೆಲಿಗೆ ಬರೋ ಮಂದಿನೂ ಪಾರ್ಕಿನ ಮಂದಿನ. ಮುಂಜಾನೆ ಆರಕ್ಕ ಸಾಲಿ ಟ್ರಿಪ್ಪಿನ ಹುಡುಗ್ರು ವರಾಂಡಾದಾಗ ಓಡ್ಯಾಡತಾವ. ನಾಷ್ಟಾದ ಕಡೆ ತಾಟು ಹಿಡಕೊಂಡು ಪಾಳಿ. ಸಂಜಿಕ ಎಲ್ಲಾರೂ ಒಮ್ಮೆಲೇ ವಾಪಸ್ ಬಂದು ಒಮ್ಮೆಲೇ ನಳಾ ತಿರುವ್ತಾರ, ಬಿಸಿನೀರು ತಣ್ಣಗ. ಇದು ಯಾವ ಹೊಟೆಲಿನವರ ತಪ್ಪೂ ಅಲ್ಲ. ಅವರು ಪಾರ್ಕಿಗೆ ಬರೋರ ಸಲುವಾಗೇ ಹೊಟೆಲ್ ಇಟ್ಟಾರ. ನಾವು ಆರಾಮ ಹುಡಕಿಕೋತ ಸಂತಿಗೆ ಹೋಗಿ "ಇಲ್ಲೆ ಗದ್ದಲ ಭಾಳ" ಅಂದ್ರ ಸಂತಿಯವರೇನು ಮಾಡ್ಬೇಕು?

ಅಂದ್ರ ಭಾಳ ದೂರ ಹೋಗ್ರಿ ಅಂತಲ್ಲ. 2023ರ ಮಾರ್ಚ್‌ನಾಗ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ ವೇ ಉದ್ಘಾಟನೆ ಆದ ಮ್ಯಾಲೆ ಬಿಡದಿ, ರಾಮನಗರ, ಚನ್ನಪಟ್ಟಣ ಎಲ್ಲಾ ಊರಿಗೂ ಬೈಪಾಸ್ ಆಗ್ಯದ. ಕಾರು ಇದ್ದವರು ಕಿಲೋಮೀಟರ್ ಎಣಸಬ್ಯಾಡ್ರಿ, ನಿಮಿಷ ಎಣಸ್ರಿ. ರಾಮನಗರದ ಆ ಕಡೆ ಒಂದ ಶಾಂತ ಜಾಗಾದಾಗ ಇಳಕೊಂಡ್ರೂ ಹುಡುಗ್ರನ್ನ ಪಾರ್ಕಿಗೆ ಮುಟ್ಟಸಲಿಕ್ಕೆ ತ್ರಾಸಿಲ್ಲ. ಕಾರು ಇಲ್ಲದವರು ಮಾತ್ರ ಒಂದು ಮಾತು ನೆನಪಿಡ್ರಿ: ಎಕ್ಸ್‌ಪ್ರೆಸ್‌ ವೇದ ಮುಖ್ಯ ದಾರಿ ಮ್ಯಾಲೆ 2023ರ ಆಗಸ್ಟ್‌ನಿಂದ ಆಟೋ, ಬೈಕು ಬಿಡೂದಿಲ್ಲ, ಸರ್ವಿಸ್ ರೋಡಿನ ಮ್ಯಾಲೇ ಹೋಗ್ಬೇಕು. ಅದಕ್ಕ ಹೋಗಿ-ಬರೋ ವ್ಯವಸ್ಥಾ ಮೊದಲ ಮಾಡ್ಕೋರಿ.

ಆ ಕಡೆ ಇಳಕೊಂಡ್ರ ಇನ್ನೊಂದ ಲಾಭ ಅದ. ಹುಡುಗ್ರು ನೀರಾಗ ಬಿದ್ದಿರೋ ದಿನ ನಿಮಗಿಬ್ಬರಿಗೆ ನೋಡ್ಲಿಕ್ಕೆ ಬ್ಯಾರೆ ಏನರೆ ಇರ್ತದ. ಎಚ್. ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ರಾಮನಗರದ ಹತ್ರನ ಅದ. ನಮ್ಮ ಅಜ್ಜಿ ಕಾಲದ ಬೀಸೋ ಕಲ್ಲು, ಗುಡಾಣ, ತೊಗಲು ಗೊಂಬಿ, ಎಲ್ಲಾ ಸಾವಕಾಶ ನೋಡಬಹುದು. ಚನ್ನಪಟ್ಟಣದಾಗ ಕಟಿಗಿ ಗೊಂಬಿ ಮಾಡೋದನ್ನ ಕೂತು ನೋಡ್ರಿ. 'ಶೋಲೆ' ಸಿನೆಮಾದ ಗುಡ್ಡಗೋಳು ರಾಮನಗರದ್ದ ಅಲ್ಲಾ? ಇಬ್ಬರೂ ಕೂಡಿ ಆ ಸಿನೆಮಾ ನೋಡಿದ್ದ ನೆನಪಾದ್ರ ಆ ಕಲ್ಲು ನೋಡಿದ್ರ ಸಾಕು, ಒಂದ ತಾಸು ಮಾತಿಗೆ ಬರಾ ಇರೂದಿಲ್ಲ. ಬಿಡದಿ ತಟ್ಟೆ ಇಡ್ಲಿ ಅಂತೂ ಇದ್ದ ಅದ.

ಇನ್ನ ಹೊಟೆಲಿನವರ "ಕಪಲ್ ಪ್ಯಾಕೇಜ್" ಸುದ್ದಿ. ಗಾದಿ ಮ್ಯಾಲೆ ಗುಲಾಬಿ ಪಕಳಿ, ಟವೆಲ್ಲಿನಾಗ ಮಾಡಿದ ಎರಡ ಹಂಸ, ಗ್ವಾಡಿಗೆ ಕೆಂಪು ಫುಗ್ಗಾ, ಮೇಣಬತ್ತಿ ಊಟ. ನಿಜ ಹೇಳ್ರಿ, ಇಪ್ಪತ್ತ ವರ್ಷ ಸಂಸಾರ ಮಾಡಿದ ಹೆಂಗಸು ಆ ಪಕಳಿ ನೋಡಿದ ಕೂಡ್ಲೆ ಏನ್ ವಿಚಾರ ಮಾಡ್ತಾಳ? "ಇವನ್ನ ಯಾರು ಬಳೀಬೇಕು" ಅಂತ! ನಮಗ ಬೇಕಾದ್ದು ಹಂಸ ಅಲ್ರಿ. ದಪ್ಪ ಪಡದೆ ಬೇಕು, ಮುಂಜಾನೆ ಎಂಟರ ತನಕ ಯಾರೂ ಬಾಗಲಾ ಬಡೀಬಾರ್ದು, ಯಾವಾಗ ತಿರುವಿದ್ರೂ ಬಿಸಿನೀರು ಬರಬೇಕು, ಯಾರರೆ ಮಾಡಿಕೊಟ್ಟ ಒಂದ ಕಪ್ ಚಹಾ, ಕೂಡ್ಲಿಕ್ಕೆ ಎರಡ ಕುರ್ಚಿ ಇರೋ ಒಂದ ಸಣ್ಣ ಕಟ್ಟಿ. ಈ ಪಟ್ಟಿ ಯಾವ ಪ್ಯಾಕೇಜಿನಾಗೂ ಬರೂದಿಲ್ಲ, ಅದಕ್ಕ ಫೋನ್ ಹಚ್ಚಿ ಕೇಳಬೇಕು. ಕೇಳೋದು ಗಂಡಗ ಬಿಡಬ್ಯಾಡ್ರಿ. ಅಂವ "ಎಸಿ ಅದನೂ? ಪಾರ್ಕಿಂಗ್ ಅದನೂ?" ಅಂತ ಕೇಳಿ ಫೋನ್ ಇಡ್ತಾನ.

ಏನೇನ ಕೇಳಬೇಕು? ನಾವು ಬರೋ ದಿನ ಅಲ್ಲೆ ಲಗ್ನ, ರಿಸೆಪ್ಷನ್, ಕಂಪನಿ ಮಂದಿ ಪಾರ್ಟಿ ಏನರೆ ಅದನೂ ಅಂತ ಮೊದಲ ಕೇಳ್ರಿ. ಶಬ್ದ ಮಾಲಿನ್ಯದ 2000ದ ನಿಯಮದ ಪ್ರಕಾರ ರಾತ್ರಿ 10ರಿಂದ ಮುಂಜಾನೆ 6ರ ತನಕ ಬಯಲಿನಾಗ ಧ್ವನಿವರ್ಧಕ ಹಚ್ಚಂಗಿಲ್ಲ. ಆದ್ರ ಹತ್ತರ ತನಕ ಡಿಜೆ ಬಡದ್ರ ನಿಮ್ಮ ಸಂಜಿ ಹೋತಲ್ಲ! ಖೋಲಿ ಈಜುಕೊಳದ ಕಡೆ ಬ್ಯಾಡ, ಅಡಗಿ ಮನಿ ಮತ್ತ ಜನರೇಟರ್ ಮಗ್ಗಲಕ್ಕ ಬ್ಯಾಡ, ಲಿಫ್ಟಿನ ಎದುರಿಗೆ ಬ್ಯಾಡ ಅಂತ ಹೇಳ್ರಿ. ಖೋಲಿ ಕೈಗೆ ಎಷ್ಟಕ್ಕ ಸಿಗ್ತದ ಕೇಳ್ರಿ. ನಾವು ಹುಬ್ಬಳ್ಳಿ-ಧಾರವಾಡದಿಂದ ರಾತ್ರಿ ಗಾಡಿಗೆ ಹೊಂಟು ನಸುಕಿನ್ಯಾಗ ಇಳೀತೇವಿ, ಖೋಲಿ ಸಿಗೋದು ಮಧ್ಯಾಹ್ನ ಹನ್ನೆರಡಕ್ಕೋ ಎರಡಕ್ಕೋ. ಮಾರಿ ತೊಳಕೊಳ್ಳಲಿಕ್ಕೂ ಜಾಗಾ ಇಲ್ಲದ ಚೀಲ ಕಾಯ್ಕೋತ ಕೂಡೋದು ನಿಮ್ಮ ಆರಾಮದ ಮೊದಲನೇ ದಿನ. ಅದರ ಬದಲಿ ಮಧ್ಯಾಹ್ನದ ವಂದೇ ಭಾರತ್ ಹಿಡದು ರಾತ್ರಿ ಬೆಂಗಳೂರು ಮುಟ್ಟಿ ಬಳಗದವರ ಮನ್ಯಾಗ ಮಲಗಿ, ಮರುದಿನ ಉಂಡು ಹೊಂಟ್ರ ಖೋಲಿ ನಿಮ್ಮ ದಾರಿ ಕಾಯ್ತಿರ್ತದ.

ರೊಕ್ಕದ ಮಾತಿಗೆ ಬರ್ತೇನಿ, ಯಾಕಂದ್ರ "ದುಂದು" ಅನ್ನೋ ಶಬ್ದ ನಮ್ಮ ಮ್ಯಾಲೇ ಮೊದಲ ಬೀಳೋದು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕ 7,500 ರೂಪಾಯಿ ತನಕದ ಖೋಲಿಗೆ ಜಿಎಸ್‌ಟಿ ಶೇಕಡಾ 5. ಅದನ್ನ ದಾಟಿದ್ರ ಶೇಕಡಾ 18. ಲೆಕ್ಕ ಹಾಕ್ರಿ: 7,500ರ ಖೋಲಿಗೆ ತೆರಿಗಿ 375, ಒಟ್ಟ 7,875. 8,000ದ ಖೋಲಿಗೆ ತೆರಿಗಿ 1,440, ಒಟ್ಟ 9,440. ಬಾಡಿಗಿ ಹೆಚ್ಚಾದದ್ದು 500, ಕೈಯಿಂದ ಹೋದದ್ದು 1,565! "ತೆರಿಗಿ ಸೇರಿ ಒಟ್ಟ ಎಷ್ಟು" ಅಂತ ಕೇಳದ ಖೋಲಿ ಹಿಡೀಬ್ಯಾಡ್ರಿ. ಊಟದ ಬಿಲ್ಲಿನಾಗ ಸರ್ವಿಸ್ ಚಾರ್ಜ್ ತಾನಾಗೇ ಸೇರಿಸಬಾರದು ಅಂತ ಗ್ರಾಹಕರ ರಕ್ಷಣಾ ಪ್ರಾಧಿಕಾರ 2022ರಾಗ ಹೇಳ್ಯದ, ದಿಲ್ಲಿ ಹೈಕೋರ್ಟ್ 2025ರಾಗ ಅದನ್ನ ಎತ್ತಿ ಹಿಡದದ. ಹಾಕಿದ್ರ ತಗೀರಿ ಅನ್ರಿ, ನಾಚಿಕಿ ಪಡೂದೇನದ? ಇನ್ನ ಶನಿವಾರ-ರವಿವಾರ ಬಿಟ್ಟು ಮಂಗಳವಾರ-ಬುಧವಾರ ಹೋದ್ರ ಗದ್ದಲಾನೂ ಕಡಿಮಿ, ಬಾಡಿಗಿನೂ ಸಾಧಾರಣ ಕಡಿಮೀನ ಇರ್ತದ. ಎರಡ ರಾತ್ರಿ ಗದ್ದಲದಾಗ ಇರೋದಕ್ಕಿಂತ ಒಂದ ರಾತ್ರಿ ಶಾಂತ ಜಾಗಾದಾಗ ಇರೋದು ಸೋವಿನೂ ಹೌದು, ಛೊಲೊನೂ ಹೌದು.

"ಹುಡುಗ್ರನ್ನ ಬಿಟ್ಟು ತಾವ ಬ್ಯಾರೆ ಖೋಲ್ಯಾಗ? ಏನ್ ಚೈನಿನವಾ ಇವರದು!" ಅನ್ನೋ ಹಿರಿಯರಿಗೆ ನಾ ಒಂದ ಮಾತು ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಮನ್ಯಾಗ ಗಂಡ-ಹೆಂಡತಿ ದಿನಾ ಏನ್ ಮಾತಾಡ್ತಾರ? ಸಿಲಿಂಡರ್ ಬಂತೇನು, ಫೀ ಕಟ್ಟಿದ್ರೇನು, ನಿಮ್ಮವ್ವನ ಬಿಪಿ ಗುಳಗಿ ಮುಗದಾವ. ಇದು ಮಾತಲ್ರಿ, ಹಾಜರಿ ಪುಸ್ತಕ. ಎಷ್ಟೋ ಮನ್ಯಾಗ ಹುಡುಗ್ರು ಓದಲಿಕ್ಕೆ ಬ್ಯಾರೆ ಊರಿಗೆ ಹೋದ ಮ್ಯಾಲೆ ಇಬ್ಬರೂ ಎದುರಾ ಬದುರಾ ಕೂತು ಟಿವಿ ನೋಡ್ತಾರ, ಯಾಕಂದ್ರ ಮಾತಾಡೋ ರೂಢಿನ ತಪ್ಪಿರ್ತದ. ಆ ರೂಢಿ ಒಮ್ಮೆ ತಪ್ಪಿದ್ರ ಅರವತ್ತರಾಗ ಹುಡಕಿದ್ರೂ ಸಿಗೂದಿಲ್ಲ. ವರ್ಷಕ್ಕ ಒಂದ ರಾತ್ರಿ, ಮಗ್ಗಲ ಖೋಲ್ಯಾಗ ಹುಡುಗ್ರು ತಮ್ಮ ಕಾಕೂನ ಜೋಡಿ ಮಲಗಿರ್ಲಿ, ಇಬ್ಬರೂ ಕಟ್ಟಿ ಮ್ಯಾಲೆ ಕೂತು ಹರಟಿ ಹೊಡದ್ರ ಯಾರ ಮನಿ ಮುಳಗತದ?

ಮತ್ತ ಹಿರಿಯರ ಸಲುವಾಗೂ ನನ್ನ ಜಗಳಾ ಅದ. ಸೊಸ್ತ್ಯಾರ, ಇದು ನಿಮಗ. ಅತ್ತಿ-ಮಾವನ್ನ ಪಾರ್ಕಿಗೆ ಕರಕೊಂಡು ಹೋಗಿ ಚೀಲ-ಚಪ್ಪಲಿ ಕಾಯಲಿಕ್ಕೆ ಕೂಡಸ್ತೀರಿ, ರಾತ್ರಿ ಅತ್ತಿಯವರನ್ನ ಮೊಮ್ಮಕ್ಕಳ ಜೋಡಿ ನೆಲದ ಗಾದಿಗೆ, ಮಾವನವರನ್ನ ಸೋಫಾಕ್ಕ. ಅವರೂ ಗಂಡ-ಹೆಂಡತೀನ ಅಲ್ಲಾ? "ಕಪಲ್" ಅಂದ್ರ ಹೊಸಾ ಲಗ್ನದವರಷ್ಟೇ ಅಂತ ಯಾರು ಬರದಿಟ್ಟಾರ? ನಮ್ಮ ಓಣ್ಯಾಗಿನ ಒಬ್ಬರು ಅಜ್ಜಿ ನಂಗ ಹೇಳಿದ್ರು, "ಐದ ಜೋಡ ಚಪ್ಪಲಿ ಕಾದು ಬಂದೆವಾ, ಪಾರ್ಕು ಹೆಂಗಿತ್ತಂತ ಚಪ್ಪಲೀನ ಕೇಳಬೇಕು" ಅಂತ. ನಕ್ಕು ಹೇಳಿದ್ರು, ಆದ್ರ ಅದು ನಗೋ ಮಾತಲ್ಲ.

ಅಮೆರಿಕಾದಾಗ ಮಕ್ಕಳಿದ್ದವರಿಗೂ ಇದ ಕತಿ. ಮಗಾ ಒರ್ಲ್ಯಾಂಡೋಕ್ಕ ಕರಕೊಂಡು ಹೋಗ್ತಾನ. ಅಲ್ಲೆ 1971ರಾಗ ಶುರು ಆದ ಡಿಸ್ನಿ ವರ್ಲ್ಡ್ ಒಂದರಾಗೇ ನಾಲ್ಕ ದೊಡ್ಡ ಪಾರ್ಕು, ಮತ್ತ ಯುನಿವರ್ಸಲ್‌ದವರದು 2025ರಾಗ ಇನ್ನೊಂದ ಹೊಸಾದು ಆಗ್ಯದ. ಎಲ್ಲಾನೂ ನೋಡಿ ಮುಗಸೋ ಅವಸರದಾಗ ಮಗಾ ಅಡಗಿ ಮನಿ ಇದ್ದ ಖೋಲೀನ ಹಿಡೀತಾನ, "ಅವ್ವಗ ಅನುಕೂಲ ಆಗ್ತದ" ಅಂತ. ಯಾರ ಅನುಕೂಲಪಾ ಅದು? ಅವ್ವ ಅಷ್ಟ ದೂರ ವಿಮಾನದಾಗ ಹೋಗಿ ಅಲ್ಲೂ ಉಪ್ಪಿಟ್ಟು ತಿರುವ್ತಾಳ. ಅಪ್ಪ-ಅವ್ವಗ ಒಂದ ದಿನ ಪಾರ್ಕ್ ಸಾಕು, ಮರುದಿನ ಕೆರಿ ದಂಡಿಗೆ ಕೂಡೋ ಹಂಗ ಗದ್ದಲದಿಂದ ದೂರದ ಒಂದ ಬ್ಯಾರೆ ಖೋಲಿ ಹಿಡಿ ಅಂತ ಹೇಳ್ರಿ. ಅಲ್ಲಿ ಹೊಟೆಲಿನವರು "ರೆಸಾರ್ಟ್ ಫೀ" ಅಂತ ಮ್ಯಾಲೆ ಹಚ್ತಿದ್ರು. 2025ರ ಮೇ ತಿಂಗಳಿಂದ ಅದನ್ನೂ ಸೇರಿಸೇ ದರಾ ತೋರಸಬೇಕಂತ ಅಲ್ಲಿ ಸರ್ಕಾರದ ನಿಯಮ ಬಂದದ, ಅದಕ್ಕ ಹೋಲಿಸಿ ನೋಡೋದು ಈಗ ಸರಳ.

ಹೆಂಗಸರ ಒಂದ ಚಟಾ ಬಿಡಬೇಕು ನೋಡ್ರಿ: "ನಂಗ ಯಾವುದಾದ್ರೂ ನಡೀತದ" ಅನ್ನೋದು. ನಡಿಯೂದಿಲ್ಲ. ನಿಮಗ ಯಾವುದಾದ್ರೂ ನಡೀತದ ಅಂದ ಕೂಡ್ಲೆ ಎಲ್ಲಾರಿಗೂ ಬ್ಯಾಡಾದದ್ದು ನಿಮ್ಮ ಪಾಲಿಗೆ ಬರ್ತದ: ಬಾಗಲ ಕಡೆ ಮಗ್ಗಲಾ, ತಣ್ಣೀರು, ಕಡೀ ತಾಟು. ಈ ಸೂಟ್ಯಾಗ ಖೋಲಿ ಹಿಡಿಯೋ ಮೊದಲ ನಿಮ್ಮವರ ಮುಂದ ಕೂತು ಮೂರ ಮಾತು ಸ್ಪಷ್ಟ ಹೇಳ್ರಿ: ಹುಡುಗ್ರಿಗೆ ಬ್ಯಾರೆ ಖೋಲಿ, ಗೇಟಿನಿಂದ ದೂರ, ವಾರದ ನಡುವಿನ ದಿನ. ಹುಡುಗ್ರ ಆಟ ಪಾರ್ಕಿನಾಗ ಆಗ್ಲಿ. ನಿಮ್ಮ ಆರಾಮ ಅವರ ಆಟದ ಮ್ಯಾಲೆ ಉಳದ ಚಿಲ್ಲರಿ ಆಗಬಾರದು.