ಮಾಗಿಯಲ್ಲಿ ಮರಳುನಾಡಿಗೆ



ಉತ್ತರ ಕನ್ನಡದಲ್ಲಿ ಕೊಲ್ಲಿಯ ಪಟ್ಟಣಗಳ ಮಾತು ಬಂದ ಕೂಡಲೆ ಎಲ್ಲರೂ ಭಟ್ಕಳದ ಹೆಸರನ್ನೆತ್ತುವರು. ಆದರೆ ಘಟ್ಟದ ಮೇಲಿನ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡಗಳ ಮನೆಗಳಿಂದಲೂ ಮಕ್ಕಳು ಆ ಕಡೆಗೆ ಹೋಗಿ ನೆಲೆಸಿದ್ದಾರೆ. ಮಕ್ಕಳು ಹೋದ ಮೇಲೆ ತಾಯಂದಿರು ಹೋಗುವದು ತಪ್ಪದು. ಹಳಿಯಾಳ ತಾಲೂಕಿನ ತಾಯಿಯೊಬ್ಬರು ಮಗಳ ಬಾಣಂತನಕ್ಕೆಂದು ಪುಷ್ಯಮಾಸದಲ್ಲಿ ದುಬಾಯಿಗೆ ಹೊರಟಿದ್ದಾರೆ. ಏನು ಒಯ್ಯಬೇಕು, ಏನು ಒಯ್ಯಬಾರದು, ಜತೆಗೆ ಕಿರಿಯ ಮಗನನ್ನೂ ಕರೆದುಕೊಂಡು ಹೋಗಿ ಅಲ್ಲಿಯೇ ಉದ್ಯೋಗಕ್ಕೆ ಹಚ್ಚಬಹುದೇ ಎಂದು ಅವರು ಕೇಳಿದ್ದಾರೆ. ಈ ತಿಂಗಳಿನ ಪುಟವನ್ನು ಅವರ ಪ್ರಶ್ನೆಗಳಿಗೇ ಮೀಸಲಾಗಿಟ್ಟಿದ್ದೇವೆ.

ಅವರು ಆರಿಸಿಕೊಂಡ ಕಾಲವು ಉತ್ತಮವಾದದ್ದು. ಬೇಸಗೆಯಲ್ಲಿ 40 ಡಿಗ್ರಿಯನ್ನು ಮೀರಿ ಕಾಯುವ ಆ ನಾಡು ದಿಸೆಂಬರದಿಂದ ಫೆಬ್ರುವರಿಯ ವರೆಗೆ ಹಗಲಿನಲ್ಲಿ 25 ಡಿಗ್ರಿಯ ಆಸುಪಾಸಿಗೆ ಇಳಿಯುವದು. ರಾತ್ರಿಯಲ್ಲಿ 15ರ ಹತ್ತಿರ ಬರುವದು. ಇದು ಸಮುದ್ರದ ದಂಡೆಯ ಪಟ್ಟಣದ ಮಾತು. ಊರು ದಾಟಿ ಮರಳಿನ ದಿನ್ನೆಗಳಿಗೆ ಹೋದರೆ ಚಳಿಯು ಇನ್ನೂ ಹೆಚ್ಚು. ಒಣ ಮರಳು ಹಗಲೆಲ್ಲ ಕಾದರೂ ಕಾವನ್ನು ಆಳದಲ್ಲಿ ಹಿಡಿದಿಡಲಾರದು. ಆಕಾಶದಲ್ಲಿ ಮೋಡವಿಲ್ಲ, ಗಾಳಿಯಲ್ಲಿ ತೇವವಿಲ್ಲ. ಹೊತ್ತು ಮುಳುಗಿದ ಕೂಡಲೆ ಶಾಖವೆಲ್ಲ ಮೇಲಕ್ಕೆ ಹಾರಿಹೋಗುವದು. ಮರಳುಗಾಡೆಂದರೆ ಸದಾ ಬೆಂಕಿಯೆಂದು ತಿಳಿದು ಬರಿಯ ನೂಲಿನ ಸೀರೆಗಳನ್ನು ಒಯ್ದವರು ಸಂಜೆಗೆ ನಡುಗುವರು. ಮುಂಡಗೋಡದಲ್ಲಿ 1966ರಿಂದ ಟಿಬೇಟಿ ಜನರ ವಸಾಹತುಂಟು. ಅಲ್ಲಿಯ ಹೆಂಗಸರು ಮಾಗಿಯಲ್ಲಿ ಊರೂರಿಗೆ ಸ್ವೆಟರು ಮಾರಲು ಬರುವದನ್ನು ನಮ್ಮ ಭಗಿನಿಯರು ಬಲ್ಲರು. ಅಂಥದೊಂದು ಸ್ವೆಟರು, ಕಿವಿ ಮುಚ್ಚುವ ಒಂದು ಶಾಲು, ಎರಡು ಜತೆ ಕಾಲುಚೀಲ ಸಾಕು. ಹೊರಗಿನ ಚಳಿಗಿಂತ ಅಂಗಡಿ ಮಾಳಿಗೆಗಳ ಒಳಗೆ ಯಂತ್ರದಿಂದ ಮಾಡಿದ ಚಳಿಯೇ ವಯಸ್ಸಾದವರ ಮೊಣಕಾಲಿಗೆ ಹೆಚ್ಚು ಬಾಧಕವೆಂಬದನ್ನೂ ನೆನಪಿಡತಕ್ಕದ್ದು.

ಮಳೆಯು ಅಲ್ಲಿ ಬರುವದು ಬಹುಶಃ ಮಾಗಿಯಲ್ಲಿಯೇ. ವರುಷಕ್ಕೆಲ್ಲ ಕೂಡಿ ಸುಮಾರು ನೂರು ಮಿಲಿಮೀಟರು. ಜೋಯಿಡಾ ತಾಲೂಕಿನ ಕ್ಯಾಸಲ್‌ರಾಕಿನಲ್ಲಿ ಆಷಾಢದ ಒಂದೇ ಹಗಲು ರಾತ್ರಿಯಲ್ಲಿ ಅದರ ಇಮ್ಮಡಿ ಸುರಿಯುವದುಂಟು. 2024ನೆಯ ಎಪ್ರಿಲ 16ರಂದು ಆ ದೇಶದ ಒಂದು ಕಡೆ 254 ಮಿಲಿಮೀಟರು ಮಳೆಯಾಗಿ, ದುಬಾಯಿಯ ರಸ್ತೆಗಳು ಹೊಳೆಗಳಾಗಿ, ವಿಮಾನಗಳು ನಿಂತುಹೋದವು. ನೀರು ಹರಿದುಹೋಗುವ ಹಾದಿ ಸಾಕಷ್ಟಿಲ್ಲದ ಊರಿಗೆ ಅಷ್ಟೇ ಸಾಕಾಯಿತು. ಕಾಳಿಯ ದಂಡೆಯಲ್ಲಿ ಬೆಳೆದವರಿಗೆ ಅಲ್ಲಿಯ ಕುಡಿಯುವ ನೀರು ಮೊದಲಿಗೆ ರುಚಿಸಲಾರದು. ಅದು ಸಮುದ್ರದ ನೀರಿನಿಂದ ಉಪ್ಪು ತೆಗೆದು ಸಿದ್ಧಮಾಡಿದ್ದು, ಆರೋಗ್ಯಕ್ಕೆ ಬಾಧೆಯಿಲ್ಲ.

ಇನ್ನು ಬುತ್ತಿಯ ವಿಚಾರ. ಇದನ್ನು ದಯವಿಟ್ಟು ಎರಡು ಸಲ ಓದಿರಿ. ಬಾಣಂತಿಗೆಂದು ಒಯ್ಯುವದರಲ್ಲಿ ಅಂಟಿನುಂಡೆಯೇ ಮುಖ್ಯ. ಅಂಟು, ಕೊಬ್ಬರಿ, ಉತ್ತತ್ತಿ, ಬೆಲ್ಲಗಳ ಜತೆಗೆ ನಾವು ಅದಕ್ಕೆ ಗಸಗಸೆಯನ್ನು ಹುರಿದು ಹಾಕುವೆವು. ಗಸಗಸೆಯು ಅಫೀಮಿನ ಗಿಡದ ಬೀಜ. ನಮ್ಮಲ್ಲಿ ಅದು ದಿನಸಿ ಅಂಗಡಿಯ ಸಾಮಾನ್ಯ ಪದಾರ್ಥವಾದರೂ ಆ ದೇಶದ ಕಾಯಿದೆಯಲ್ಲಿ ನಿಷಿದ್ಧ ವಸ್ತು. ಚಿಟಿಕೆಯಷ್ಟಿದ್ದರೂ, ತಿಳಿಯದೆ ತಂದೆವೆಂದರೂ ಬಂಧನದ ವರೆಗೆ ಹೋಗಬಹುದು. ಮಗಳ ಮನೆಯ ತೊಟ್ಟಿಲನ್ನು ನೋಡುವ ಮೊದಲೇ ತಾಯಿ ಠಾಣೆಯನ್ನು ನೋಡಬೇಕಾದೀತು. ಗಸಗಸೆಯಿಲ್ಲದ ಅಂಟಿನುಂಡೆಯೂ ಒಂದು ಉಂಡೆಯೇ ಎಂದು ಹಿರಿಯರು ಮೂಗು ಮುರಿಯಬಹುದು, ಮುರಿಯಲಿ. ಬಿಳಿ ಎಳ್ಳನ್ನು ಹಾಕಿ ಕಟ್ಟಿರಿ. ಅಂಗಡಿಯಿಂದ ತಂದ ಮಸಾಲೆಯ ಪುಡಿಗಳಲ್ಲಿಯೂ ಗಸಗಸೆ ಸೇರಿರುವದುಂಟಾದ್ದರಿಂದ, ಏನೇನು ಕೂಡಿದೆಯೆಂದು ಚೀಟಿಯ ಮೇಲೆ ನೋಡಿಕೊಳ್ಳದೆ ಪೆಟ್ಟಿಗೆಯಲ್ಲಿ ಇಡಕೂಡದು. ವೀಳ್ಯದೆಲೆಯನ್ನೂ ಒಯ್ಯುವಂತಿಲ್ಲ. ಊಟದ ಮೇಲೆ ಎಲೆ ಹಾಕುವ ರೂಢಿಯುಳ್ಳ ಅಜ್ಜಿಯರಿಗೆ ಇದೇ ದೊಡ್ಡ ಕಷ್ಟವೆನಿಸುವದು.

ಔಷಧಿಗಳ ವಿಷಯವೂ ಹೀಗೆಯೇ. ಕೊಡೀನ್ ಇರುವ ಕೆಮ್ಮಿನ ಔಷಧ, ಟ್ರಾಮಡಾಲ್ ಎಂಬ ನೋವಿನ ಮಾತ್ರೆ, ನಿದ್ರೆಯ ಕೆಲವು ಮಾತ್ರೆಗಳು ಅಲ್ಲಿ ಕಟ್ಟುನಿಟ್ಟಿನ ನಿಯಮಕ್ಕೆ ಒಳಪಟ್ಟಿವೆ. ರಕ್ತದೊತ್ತಡ, ಮಧುಮೇಹಗಳ ಮಾತ್ರೆಗಳನ್ನಾದರೂ ಅಂಗಡಿಯ ಮೂಲ ಹೊದಿಕೆಯಲ್ಲಿಯೇ, ವೈದ್ಯರ ಚೀಟಿಯ ಸಮೇತ ಒಯ್ಯುವದು ಲೇಸು. ಎಲ್ಲವನ್ನೂ ಬಿಡಿಸಿ ಒಂದೇ ಡಬ್ಬಿಯಲ್ಲಿ ತುಂಬುವ ನಮ್ಮ ಪದ್ಧತಿಯು ಅಲ್ಲಿ ನಡೆಯದು.

ಉತ್ತತ್ತಿಯ ಮಾತು ಬಂದುದರಿಂದ ಒಂದು ಸಂಗತಿ ಹೇಳುವೆವು. ನಮ್ಮ ಉಂಡೆಗೆ ಬೀಳುವ ಉತ್ತತ್ತಿಯು ಬಹುಕಾಲದಿಂದ ಒಮಾನದ ಕಡೆಯಿಂದ, ಅರೆಗಾಯಿ ಖರ್ಜೂರವನ್ನು ಕುದಿಸಿ ಒಣಗಿಸಿ, ಹಡಗಿನಲ್ಲಿ ಬರುತ್ತಿತ್ತು. ಆ ಹಡಗುಗಳನ್ನು ಕಟ್ಟಲು ಪಶ್ಚಿಮ ಕರಾವಳಿಯ ಸಾಗವಾನಿಯು ಇಲ್ಲಿಂದ ಹೋಗುತ್ತಿತ್ತು. ನಾಣ್ಯವೂ ನಮ್ಮದೇ ಆಗಿತ್ತು. ಕೊಲ್ಲಿಯ ಊರುಗಳಲ್ಲಿ ರೂಪಾಯಿಯೇ ನಡೆಯುತ್ತಿದ್ದು, 1959ರಲ್ಲಿ ನಮ್ಮ ರಿಝರ್ವ್ ಬ್ಯಾಂಕು ಆ ಕಡೆಗಾಗಿಯೇ ಬೇರೆ ನೋಟುಗಳನ್ನು ಹೊರಡಿಸಿತು. 1966ರಲ್ಲಿ ರೂಪಾಯಿಯ ಬೆಲೆ ಇಳಿಸಿದಾಗ ದುಬಾಯಿಯು ಅದನ್ನು ಬಿಟ್ಟಿತು. ಈಗಿನ ದಿರ್ಹಮು 1973ರದು. ಎಣ್ಣೆ ಸಿಕ್ಕಿದ್ದೂ ಆ 1966ರಲ್ಲಿಯೇ. ಅದಕ್ಕೂ ಮುಂಚೆ ಅದು ಖಾರಿಯ ಎರಡು ದಂಡೆಗಳ ಮೇಲೆ, ಮುತ್ತು, ಮೀನು, ವ್ಯಾಪಾರಗಳಿಂದ ಬದುಕಿದ ಊರು. ಗಾಳಿಯನ್ನು ಹಿಡಿದು ಕೋಣೆಯೊಳಗೆ ಇಳಿಸುವ ಗೋಪುರಗಳುಳ್ಳ ಹಳೆಯ ಮನೆಗಳು ಫಹೀದಿ ಓಣಿಯಲ್ಲಿ ಇನ್ನೂ ಇವೆ. ಬಾನೆತ್ತರದ ಕಟ್ಟಡಗಳಿಗಿಂತ ಮೊದಲು ಅವುಗಳನ್ನು ನೋಡಿರಿ. ಚಿಕ್ಕ ದೋಣಿಯಲ್ಲಿ ಖಾರಿಯನ್ನು ದಾಟಿರಿ.

ಅಡವಿಯ ಸೀಮೆಯವರಿಗೆ ಆ ನಾಡು ಬೋಳೆನಿಸುವದು ಸಹಜ. ಆದರೂ ಮರಳಿನ ನಡುವೆ ಅಲ್ಲಲ್ಲಿ ಹಸಿರಾಗಿ ನಿಂತ ಒಂದು ಮುಳ್ಳಿನ ಮರ ಕಂಡೀತು. ಅಲ್ಲಿಯವರು ಅದನ್ನು ಗಾಫ್ ಎನ್ನುವರು. ಅದು ಆ ದೇಶದ ರಾಷ್ಟ್ರವೃಕ್ಷ. ಅದು ಬೇರೆ ಯಾವುದೂ ಅಲ್ಲ, ದಸರೆಯಲ್ಲಿ ನಾವು ಸುತ್ತುಹಾಕಿ ಪೂಜಿಸುವ ಬನ್ನಿಯ ಮರವೇ. ಬೇರನ್ನು ಬಹು ಆಳಕ್ಕೆ ಇಳಿಸಿ ನೀರು ಹುಡುಕಿಕೊಳ್ಳುವದರಿಂದ ಅದು ಅಲ್ಲಿ ಬದುಕಿದೆ. ಹಕ್ಕಿಗಳನ್ನು ನೋಡಬಯಸುವ ದಾಂಡೇಲಿಯವರು ರಾಸ್ ಅಲ್ ಖೋರ್ ಎಂಬ ಜೌಗಿಗೆ ಹೋದರೆ, ಮಾಗಿಯಲ್ಲಿ ರಾಜಹಂಸಗಳ ಹಿಂಡು ಕಾಣಸಿಗುವದು.

ಹಬ್ಬದ ಮಾತೊಂದು. ರಂಜಾನಿನ ತಿಂಗಳು ಚಂದ್ರಮಾನದಂತೆ ವರುಷಕ್ಕೆ ಹನ್ನೊಂದು ದಿನ ಹಿಂದೆ ಸರಿಯುವದರಿಂದ ಇನ್ನು ಕೆಲವು ವರುಷ ಮಾಗಿಯಲ್ಲಿಯೇ ಬೀಳುವದು. ಆಗ ಹಗಲಿನಲ್ಲಿ ಉಪವಾಸವಿರುವವರ ಎದುರಿಗೆ ಬೀದಿಯಲ್ಲಿ ತಿನ್ನುತ್ತ ನಡೆಯುವದು ಸಲ್ಲದು.

ಬಂಗಾರದ ಬಗ್ಗೆ ಎಲ್ಲರೂ ಕೇಳುವರು. ಆಭರಣದ ಸುಂಕದಲ್ಲಿ ವಿನಾಯಿತಿಯಿರುವದು ಒಂದು ವರುಷಕ್ಕೂ ಮಿಕ್ಕಿ ಹೊರದೇಶದಲ್ಲಿ ಇದ್ದು ಬರುವವರಿಗೆ. ಬಾಣಂತನ ಮಾಡಿ ತಿರುಗಿ ಬರುವ ತಾಯಿಗೆ ಅದು ಸಲ್ಲದು. ಇಲ್ಲಿಂದ ಮೈಮೇಲೆ ಹೆಚ್ಚು ಆಭರಣ ಹಾಕಿಕೊಂಡು ಹೋಗುವವರು ಹೊರಡುವಾಗಲೇ ಸುಂಕದ ಅಧಿಕಾರಿಗಳಿಂದ ಪ್ರಮಾಣಪತ್ರ ಪಡೆದರೆ, ಬರುವಾಗ ಅದು ತಮ್ಮದೇ ಎಂದು ವಾದಿಸುವ ಪ್ರಸಂಗ ಬಾರದು. ಪ್ರವಾಸಿಗಳಿಗೆ ವೀಸಾ ಸಾಮಾನ್ಯವಾಗಿ 30 ಇಲ್ಲವೆ 60 ದಿನಗಳಿಗೆ ದೊರೆಯುವದು. ಮೀರಿದ ಪ್ರತಿಯೊಂದು ದಿನಕ್ಕೂ ದಂಡವುಂಟು. ಮೂರು ತಿಂಗಳಿನ ಬಾಣಂತನದ ಲೆಕ್ಕವನ್ನು ಅಳಿಯನೊಡನೆ ಮೊದಲೇ ಮಾತಾಡಿಕೊಳ್ಳಬೇಕು. ಕೂಸಿನ ಜನನವನ್ನು ಒಂದು ವರುಷದೊಳಗಾಗಿ ನಮ್ಮ ದೇಶದ ದೂತಾವಾಸದಲ್ಲಿ ಬರೆಯಿಸುವದನ್ನು ಮಾತ್ರ ಮರೆಯಕೂಡದು.

ಕೊನೆಗೆ ಕಿರಿಯ ಮಗನ ಪ್ರಶ್ನೆ. ನೋಡಲು ಹೋಗುವ ವೀಸಾದ ಮೇಲೆ ಹೋಗಿ ಕೆಲಸಕ್ಕೆ ಸೇರಿಕೊಂಡರಾಯಿತೆಂದು ಯಾರೋ ಹಣ ಕೇಳಿದ್ದಾರಂತೆ. ಕೊಡಬೇಡಿರಿ. ಹಾಗೆ ದುಡಿಯುವದು ಅಲ್ಲಿ ಅಪರಾಧ, ಸಂಬಳ ಕೊಡದಿದ್ದರೂ ದೂರು ಹೇಳಲು ಬಾಯಿ ಇರದು, ಸಿಕ್ಕಿಬಿದ್ದರೆ ಗಡೀಪಾರು. ಹಳಿಯಾಳ ಮುಂಡಗೋಡಗಳ ಅಡವಿಯ ಸಿದ್ದಿ ಜನರ ಪೂರ್ವಜರು ಇದೇ ಸಮುದ್ರವನ್ನು ದಾಟಿ ಗುಲಾಮರಾಗಿ ಬಂದವರು. ಅವರಿಗೆ ಕೇಳುವವರಿರಲಿಲ್ಲ, ಕಾಯಿದೆಯೂ ಇರಲಿಲ್ಲ. ನಮಗಾದರೋ 1983ರ ವಲಸೆ ಕಾಯಿದೆಯುಂಟು. ಅದರಂತೆ ನೋಂದಾಯಿತರಾದ ಏಜಂಟರ ಹೆಸರುಗಳನ್ನು ಸರಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿ ಯಾರೂ ನೋಡಬಹುದು. ಅವರು ತೆಗೆದುಕೊಳ್ಳತಕ್ಕ ಪ್ರತಿಫಲವು 30,000 ರೂಪಾಯಿ ಮತ್ತು ಅದರ ತೆರಿಗೆಯನ್ನು ಮೀರಕೂಡದು. ಹತ್ತನೆಯ ತರಗತಿ ದಾಟದ ಹುಡುಗನಾದರೆ ಉದ್ಯೋಗಕ್ಕೆ ಹೋಗುವ ಮೊದಲು ಸರಕಾರದ ವಲಸೆ ಅಧಿಕಾರಿಯ ಒಪ್ಪಿಗೆಯೂ ಬೇಕು. ಹುಡುಗನು ತಾಯಿಯ ಜತೆಗೆ ಹೋಗಲಿ, ಅಕ್ಕನ ಕೂಸನ್ನು ಎತ್ತಿಕೊಳ್ಳಲಿ, ಊರು ನೋಡಲಿ, ತಾಯಿಯ ಜತೆಗೇ ತಿರುಗಿ ಬರಲಿ. ಕೆಲಸದ ಕಾಗದವು ಕೈಗೆ ಬಂದ ಮೇಲೆ ಇನ್ನೊಮ್ಮೆ ಹೋಗಬಹುದು.

ಗಸಗಸೆಯಿಲ್ಲದೆ ಅಂಟಿನುಂಡೆ ಕಟ್ಟುವ ಅಳತೆಯನ್ನು ಬಲ್ಲ ಭಗಿನಿಯರು ಬರೆದು ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುವೆವು.