ಲೆನ್ಸು ಸಾಕು, ಪ್ರಿಂಟ್ ಹಾಕಿಸ್ರೀ!

ಫೋಟೋ ಹುಚ್ಚಿನವರು ಇಬ್ಬರು ಸೇರಿದರೆ ಒಂದೇ ಮಾತು: 'ಮುಂದಿನ ಲೆನ್ಸು ಯಾವುದು ಗುರೂ?' ನಾನೂ ಅದೇ ಜಾತಿಯವನು ಬಿಡಿ. ಆದರೆ ಹೋದ ವರ್ಷ ಹಾರ್ಡ್ ಡಿಸ್ಕ್ ಕೈಕೊಟ್ಟಾಗ ಅಜ್ಜಿಯ ಫೋಟೋಗಳಲ್ಲಿ ಉಳಿದದ್ದು ಒಂದೇ, ಗೋಡೆ ಮೇಲಿನ 8×10 ಪ್ರಿಂಟು. ತೆಗೆದದ್ದು ಅಗ್ಗದ 50 ಎಂಎಂ ಲೆನ್ಸಿನಲ್ಲಿ.

ಅದರಲ್ಲೂ ಬತ್ತಿ ಹೊಸೆಯುತ್ತಿದ್ದ ಕೈ ಅರ್ಧ ಕಟ್! ಲ್ಯಾಬಿನವನನ್ನು ಬೈದಿದ್ದೆ. ತಪ್ಪು ನನ್ನದೇ. ಡಿಎಸ್‌ಎಲ್‌ಆರ್ ಚಿತ್ರ 3:2, ಅದು 8×12ಕ್ಕೆ ಸರಿಯಾಗಿ ಕೂರುತ್ತೆ. 8×10 ಕೇಳಿದರೆ ಆರರಲ್ಲೊಂದು ಭಾಗ ಕತ್ತರಿಸಲೇಬೇಕು. ಯಾವ ಲೆನ್ಸ್ ಪಂಡಿತನೂ ಇದನ್ನು ಹೇಳಲಿಲ್ಲ. ಅವರು ಪ್ರಿಂಟ್ ಹಾಕಿಸಿದ್ರೆ ತಾನೇ ಹೇಳೋದು?

4×6 ಪ್ರಿಂಟಿಗೆ ಸುಮಾರು 2 ಮೆಗಾಪಿಕ್ಸೆಲ್ ಸಾಕು ಸ್ವಾಮಿ. ಲೆನ್ಸು ಆಮೇಲೆ ಕೊಳ್ಳಿ. ಮೊದಲು ಮನೆಯವರದು ಹತ್ತು ಪ್ರಿಂಟ್ ಹಾಕಿಸಿ. ಏನಂತೀರಾ?