ಸಂದೇಹ – ಸಮಾಧಾನ: ಗುಂಡಿಯೊತ್ತಿದರೆ ನಾಣ್ಯವೇ?

ದಿನಕ್ಕೊಂದಾವರ್ತಿ ಮೊಬೈಲಿನ ಗುಂಡಿಯೊತ್ತಿ ‘ಪೈ’ ಎಂಬ ನಾಣ್ಯವನ್ನು ಕೂಡಿಡುವ ಅಭ್ಯಾಸವು ಅನೇಕ ಮನೆಗಳನ್ನು ಹೊಕ್ಕಿದೆ. ಅಳಿಯ ಹೇಳಿದನೆಂದು ಅತ್ತೆ, ಗೆಳತಿ ಕರೆದಳೆಂದು ಮಗಳು ಇದರಲ್ಲಿ ಸೇರಿದ್ದಾರೆ. ಇವರೆಲ್ಲರ ಸಂದೇಹಗಳು ಬಹುಮಟ್ಟಿಗೆ ಒಂದೇ ಬಗೆಯವು.

ಪ್ರಶ್ನೆ: ಈ ಯೋಜನೆಯ ಮೂಲವೇನು?

ಉತ್ತರ: ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡಿದ ನಿಕೋಲಸ್ ಕೊಕಾಲಿಸ್, ಚೆಂಗ್‌ಡಿಯಾವೊ ಫ್ಯಾನ್ ಮೊದಲಾದವರು 2019ರ ಮಾರ್ಚ್ 14ರಂದು ಇದನ್ನು ಆರಂಭಿಸಿದರು. ಗಣಿತದ ಪೈ ಎಂಬ ಪ್ರಮಾಣವು ಸುಮಾರು 3.14 ಅಷ್ಟೆ. ಮೂರನೆಯ ತಿಂಗಳ ಹದಿನಾಲ್ಕನೆಯ ದಿನವನ್ನು ಆರಿಸಿದ್ದು ಅದಕ್ಕಾಗಿಯೇ.

ಪ್ರಶ್ನೆ: ಗುಂಡಿಯೊತ್ತಿದೊಡನೆ ಮೊಬೈಲು ‘ಮೈನಿಂಗ್’ ಮಾಡುವುದು ನಿಜವೆ?

ಉತ್ತರ: ಬಿಟ್‌ಕಾಯಿನಿನ ಅರ್ಥದಲ್ಲಿ ನಿಜವಲ್ಲ. ಅಲ್ಲಿ ಯಂತ್ರಗಳು ಹಗಲಿರುಳು ಲೆಕ್ಕ ಮಾಡಿ ಅಪಾರ ವಿದ್ಯುತ್ತನ್ನು ನುಂಗುತ್ತವೆ. ಇಲ್ಲಿ ಗುಂಡಿಯೊತ್ತುವುದು ಹಾಜರಿ ಹಾಕಿದಂತೆ. ಹಾಜರಾದವರಿಗೆ ನಾಣ್ಯಗಳನ್ನು ಹಂಚಲಾಗುತ್ತದೆ. ಬ್ಯಾಟರಿ ಬರಿದಾಗದಿರುವುದು ಆ ಕಾರಣದಿಂದಲೇ.

ಪ್ರಶ್ನೆ: ಹಣವನ್ನೇ ಕೊಡದಿರುವಾಗ ನಷ್ಟವೇನು?

ಉತ್ತರ: ಹಣವಲ್ಲದೆ ಕೊಡುವುದು ಬೇರೆ ಉಂಟು. ನಾಣ್ಯವು ಕೈಸೇರಬೇಕಾದರೆ ಗುರುತಿನ ಚೀಟಿಯನ್ನೂ ಮುಖಚಿತ್ರವನ್ನೂ ಒಪ್ಪಿಸಬೇಕು. ನೆಂಟರಿಷ್ಟರನ್ನು ಕರೆತಂದರೆ ಪಾಲು ಹೆಚ್ಚುವುದಾದರೂ, ಕರೆದವರ ಮಾತಿನ ಮೇಲೆ ಅವರಿಡುವ ನಂಬಿಕೆಗೂ ಬೆಲೆಯುಂಟು.

ಪ್ರಶ್ನೆ: ನಾಣ್ಯಗಳನ್ನು ಮಾರಿಕೊಡುವೆನೆಂದು ಅಪರಿಚಿತನೊಬ್ಬನು ನನ್ನ 24 ಪದಗಳ ಗುಟ್ಟಿನ ಸಾಲನ್ನು ಕೇಳುತ್ತಿದ್ದಾನೆ. ಕೊಡಬಹುದೆ?

ಉತ್ತರ: ಕೂಡದು. ಆ ಪದಗಳೇ ಪೆಟ್ಟಿಗೆಯ ಬೀಗದ ಕೈ. ಅವು ಯಾರ ವಶದಲ್ಲಿವೆಯೋ ನಾಣ್ಯವೂ ಅವರದೇ. ಒಮ್ಮೆ ಹೋದುದನ್ನು ಮರಳಿಸಲು ಬ್ಯಾಂಕಿನಂಥ ಮಧ್ಯಸ್ಥರು ಇಲ್ಲಿಲ್ಲ.

ಪ್ರಶ್ನೆ: ಲಾಭಕ್ಕೆ ತೆರಿಗೆಯುಂಟೆ?

ಉತ್ತರ: ಉಂಟು. ಭಾರತದಲ್ಲಿ 2022ರ ಏಪ್ರಿಲ್ 1ರಿಂದ ಇಂಥ ಸ್ವತ್ತನ್ನು ಮಾರಿ ಬಂದ ಲಾಭಕ್ಕೆ ಶೇಕಡ 30ರಷ್ಟು ತೆರಿಗೆ ಸಲ್ಲಬೇಕು. ಒಂದರಲ್ಲಾದ ನಷ್ಟವನ್ನು ಮತ್ತೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಇದು ಸರ್ಕಾರ ಮಾನ್ಯಮಾಡಿದ ಹಣವೂ ಅಲ್ಲ.

ಪ್ರಶ್ನೆ: ನಿವೃತ್ತರಾದ ನಮ್ಮ ಯಜಮಾನರು ಭವಿಷ್ಯನಿಧಿಯ ಹಣದಿಂದ ಇನ್ನಷ್ಟು ಪೈ ಕೊಳ್ಳಬೇಕೆಂದಿದ್ದಾರೆ. ಮಗಳ ಮದುವೆ ಮುಂದಿದೆ. ತಡೆದರೆ ತಪ್ಪೆ?

ಉತ್ತರ: ತಪ್ಪಲ್ಲ. ಗುಂಡಿಯೊತ್ತುವುದು ಬೇರೆ, ಗಂಟು ಬಿಚ್ಚುವುದು ಬೇರೆ. ಪೈ ಜಾಲವು ಹೊರಗಿನ ವ್ಯವಹಾರಕ್ಕೆ ತೆರೆದುದು 2025ರ ಫೆಬ್ರವರಿ 20ರಂದು. ಕೆಲವೇ ದಿನಗಳಲ್ಲಿ ಒಂದು ಪೈಯ ಬೆಲೆ ಸುಮಾರು 3 ಡಾಲರಿಗೇರಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಕಾಲು ಡಾಲರಿನ ಆಸುಪಾಸಿಗಿಳಿಯಿತು. ಏರಿದ ದಿನ ಒಂದು ಲಕ್ಷ ರೂಪಾಯಿ ಹಾಕಿದವರಿಗೆ ಉಳಿದುದು ಎಂಟು ಸಾವಿರದಷ್ಟು. ಇದಲ್ಲದೆ, ಒಟ್ಟು ನಾಣ್ಯಗಳ ಮಿತಿ 10,000 ಕೋಟಿ. ಅದರಲ್ಲಿ ನೂರಕ್ಕೆ 20 ಪಾಲು ಯೋಜನೆಯನ್ನು ನಡೆಸುವವರಿಗೇ ಮೀಸಲು. ಹೊಸ ನಾಣ್ಯಗಳು ಪೇಟೆಗೆ ಬರುತ್ತಿರುವಾಗ ಕೊಳ್ಳುವವರು ಅಷ್ಟೇ ಹೆಚ್ಚದಿದ್ದರೆ ಬೆಲೆ ಕುಸಿಯದಿರದು. ಯಜಮಾನರೊಡನೆ ಕುಳಿತು ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿರಿ. ಈವರೆಗೆ ಕೂಡಿದ ಪೈ ಅವರಲ್ಲೇ ಇರಲಿ. ಮದುವೆಯ ಹಣ ಮಾತ್ರ ಬ್ಯಾಂಕಿನಲ್ಲಿರಲಿ.